ಕರಿಕೋಳಿ ಗೋಡೆ ಹತ್ತಿದ ದಾರಿ

ಮೊಬೈಲಿನ ಪರದೆಯ ಮೂಲೆಯಲ್ಲಿ ಹೊತ್ತು ಬೆಳಗ್ಗೆ 10 ಗಂಟೆ 42 ನಿಮಿಷ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಮ್ಮ ಕರಿಕೋಳಿ ನಿಂತಿದೆ. ತಲೆ ಓರೆ ಮಾಡಿ ಒಂದು ಕಣ್ಣಲ್ಲಿ ಗೋಡೆಯ ನೆತ್ತಿಯನ್ನು ನೋಡುತ್ತದೆ. ಮತ್ತೆ ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ಅದನ್ನೇ ನೋಡುತ್ತದೆ. ಕಾಲು ಮಡಿಚಿ ತಗ್ಗುತ್ತದೆ, ಮನಸ್ಸು ಬದಲಿಸಿದಂತೆ ನೆಟ್ಟಗಾಗುತ್ತದೆ, ಪುನಃ ತಗ್ಗುತ್ತದೆ. ಆಮೇಲೆ ನಾಲ್ಕೈದು ಸಲ ಪಟಪಟ ರೆಕ್ಕೆ ಬಡಿದದ್ದಷ್ಟೇ, ಗೋಡೆಯ ಮೇಲಿದೆ. ಅಲ್ಲಿ ಒಂದು ನಿಮಿಷ ನಿಂತು ಪುಕ್ಕ ಒಪ್ಪ ಮಾಡಿಕೊಂಡು ಆಚೆಗೆ ಇಳಿಯುತ್ತದೆ.

ಈ ವಿಡಿಯೋವನ್ನು ನಾನೂ ಅಣ್ಣನ ಮಗನೂ ಅದೆಷ್ಟು ಸಲ ನೋಡಿದೆವೋ. ಮೂರು ತಿಂಗಳಿಂದ ನಮಗೆ ಹೊಳೆಯದೆ ಇದ್ದದ್ದು ಅದರೊಳಗೆ ಇತ್ತು.

ನಮ್ಮ ಮನೆ ಮಂಗಳೂರಿನ ಕುಲಶೇಖರದಲ್ಲಿ. ಹಿಂದೆ ಆರು ಸೆಂಟ್ಸ್ ಹಿತ್ತಿಲು, ಸುತ್ತ ಐದು ಅಡಿ ಎತ್ತರದ ಕೆಂಪುಕಲ್ಲಿನ ಗೋಡೆ. ಶಾಲೆಯಿಂದ ನಿವೃತ್ತಳಾದ ವರ್ಷ ಒಂಬತ್ತು ಊರ ಕೋಳಿ ತಂದು ಬಿಟ್ಟೆ. ಗೋಡೆಯಾಚೆ ಬಾಯಮ್ಮನ ಹಿತ್ತಿಲು, ಅಲ್ಲಿ ಅವರ ಬಸಳೆ ಚಪ್ಪರ. ಬಸಳೆಯ ಬುಡಕ್ಕೆ ಹಾಕಿದ ಸುಡುಮಣ್ಣು, ಗೊಬ್ಬರವೆಂದರೆ ಕೋಳಿಗಳಿಗೆ ಹಬ್ಬ. ದಿನಾ ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಗೋಡೆಯಾಚೆಯಿಂದ ದನಿ ಬರುತ್ತಿತ್ತು: “ಟೀಚರೇ, ನಿಮ್ಮದು ಬಂತು ನೋಡಿ.” ಬಾಯಮ್ಮ ಒಂದು ದಿನವೂ ಮುಖ ಗಂಟು ಹಾಕಿದವರಲ್ಲ. ಆದರೆ ಬೇರು ಮೇಲೆದ್ದ ಬಸಳೆಯನ್ನು ಅವರು ಕೈಯಲ್ಲಿ ಮಣ್ಣೊತ್ತಿ ಮತ್ತೆ ನೆಡುವುದನ್ನು ನೋಡಿದಾಗ ನನಗೆ ಊಟ ಸೇರುತ್ತಿರಲಿಲ್ಲ.

ಎಲ್ಲರೂ ಹೇಳುವ ಉಪಾಯಗಳನ್ನೆಲ್ಲ ಮಾಡಿದೆ. ಒಂದು ಬದಿಯ ರೆಕ್ಕೆಯ ಹತ್ತು ಉದ್ದ ಗರಿಗಳನ್ನು ಕತ್ತರಿಸಿದರೆ ಕೋಳಿಗೆ ಹಾರುವಾಗ ತೂಕ ತಪ್ಪುತ್ತದೆ. ಬಲಿತ ಗರಿಯಾದರೆ ನೋವೂ ಇಲ್ಲ, ನಮ್ಮ ಉಗುರು ಕತ್ತರಿಸಿದ ಹಾಗೆ. ಆದರೆ ಗರಿ ಉದುರಿ ಹೊಸತು ಬಂದಾಗ ಮತ್ತೆ ಮೊದಲಿನಂತೆಯೇ. ಅದಕ್ಕಿಂತ ಹೆಚ್ಚಾಗಿ, ನಾಯಿ ಅಟ್ಟಿಸಿಕೊಂಡು ಬಂದರೆ ಮೇಲೇಳಲಾಗದ ಕೋಳಿಯ ಗತಿ ಏನು? ಒಂದು ಸಲ ಕತ್ತರಿಸಿದೆ, ಎರಡನೇ ಸಲ ಕೈ ಬರಲಿಲ್ಲ. ಊರ ಕೋಳಿ ಬೇಡ, ಗಿರಿರಾಜ ಸಾಕಿ ಎಂದವರಿದ್ದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಿಲ ಸಾಕಣೆಗೆಂದೇ ರೂಪಿಸಿದ ತಳಿ ಅದು. ಮೈಭಾರ ಹೆಚ್ಚು, ಗೋಡೆ ಏರುವ ಗೋಜಿಗೆ ಹೋಗುವುದಿಲ್ಲ. ಒಳ್ಳೆಯ ಕೋಳಿಯೇ. ಆದರೆ ಮನೆಯಲ್ಲಿರುವ ಒಂಬತ್ತನ್ನು ಏನು ಮಾಡುವುದು?

ಕೊನೆಗೆ ಒಂದು ಬದಿಯ ಗೋಡೆಯ ಮೇಲೆ ಎರಡಡಿ ತಂತಿ ಬಲೆ ಏರಿಸಿ, ಬಾಗದಿರಲೆಂದು ಮೇಲಂಚಿಗೆ ಕಬ್ಬಿಣದ ಪೈಪು ಕೊಟ್ಟೆ. ಆರು ಮೂಲೆಯ ಕಣ್ಣಿನ ಈ ಬಲೆ ಹುಟ್ಟಿದ್ದು ಇಂಗ್ಲೆಂಡಿನ ನಾರ್ವಿಚ್‌ನಲ್ಲಿ. ನಾರ್ವಿಚ್ ಬಟ್ಟೆ ನೇಯುವವರ ಊರು. ಅಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರಿಯಾಗಿದ್ದ ಚಾರ್ಲ್ಸ್ ಬರ್ನಾರ್ಡ್ ಬಟ್ಟೆಮಗ್ಗವನ್ನು ನೋಡಿ, ನೂಲಿನ ಬದಲು ತಂತಿ ನೇಯುವ ಯಂತ್ರವನ್ನು 1844ರಲ್ಲಿ ಕಟ್ಟಿದ. ಮಗ್ಗದಿಂದ ಬೇಲಿ ಬಂತು ಎಂಬುದು ಪಾಠ ಮಾಡುವಾಗಲೂ ನನಗೆ ಬಹಳ ಇಷ್ಟದ ಸಂಗತಿ. ಆದರೆ ನಮ್ಮ ಉಪ್ಪುಗಾಳಿಗೆ ಆ ತಂತಿ ಒಂದೇ ಮಳೆಗಾಲದಲ್ಲಿ ಕೆಂಪಾಗತೊಡಗಿತು. ಕೋಳಿಗಳು ಒಂದು ವಾರ ಸುಮ್ಮನಿದ್ದು ಪುನಃ ಬಾಯಮ್ಮನ ಬಸಳೆಯ ಬುಡದಲ್ಲಿದ್ದವು. ಏಳಡಿ ಎತ್ತರವನ್ನು ಇವು ಹೇಗೆ ದಾಟುತ್ತವೆ? ನಾನು ಕಾವಲು ನಿಂತ ದಿನ ಒಂದೂ ಹಾರುತ್ತಿರಲಿಲ್ಲ. ಒಳಗೆ ಹೋಗಿ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಮೂರು ಆಚೆಗೆ!

ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಿದ್ದವನು ರಜೆಗೆ ಬಂದಿದ್ದ. “ಅತ್ತೇ, ನೀವು ನಿಂತರೆ ಅವಕ್ಕೆ ಗೊತ್ತಾಗ್ತದೆ. ಹಳೇ ಮೊಬೈಲ್ ಉಂಟಲ್ಲ, ಅದು ಕಾವಲು ಕಾಯಲಿ” ಎಂದ. ಒಡೆದ ಗಾಜಿನ ಆ ಫೋನನ್ನು ಸ್ನಾನದ ಕೋಣೆಯ ಕಿಟಕಿಗೆ ಕಟ್ಟಿದೆವು. ಏನಾದರೂ ಅಲುಗಿದಾಗ ಮಾತ್ರ ವಿಡಿಯೋ ಹಿಡಿಯುವ ಆ್ಯಪ್ ಹಾಕಿದ. ಮೊದಲ ಮೂರು ದಿನ ಸಿಕ್ಕಿದ್ದು ಕಾಗೆ, ಬಾಳೆ ಎಲೆಯ ನೆರಳು, ಒಣಹಾಕಿದ ಸೀರೆ. ನಾಲ್ಕನೆಯ ದಿನ ಕರಿಕೋಳಿ ಸಿಕ್ಕಿತು. ಅದರ ಹಿಂದಿನಿಂದ ಉಳಿದವು, ಒಂದೊಂದಾಗಿ, ಅದೇ ದಾರಿಯಲ್ಲಿ: ಒಗೆಯುವ ಕಲ್ಲು, ಅಲ್ಲಿಂದ ಗೋಡೆಯ ನೆತ್ತಿ. ತಂತಿ ಬಲೆ ಇದ್ದ ಬದಿಯಲ್ಲಿಯೂ ಹೀಗೆಯೇ, ನುಗ್ಗೆಯ ಕವಲಿನಿಂದ ನೇರ ಪೈಪಿನ ಮೇಲೆ.

ಹುಡುಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದ: “ಅತ್ತೇ, ಇವು ಗೋಡೆ ಹಾರುವುದಲ್ಲ. ಗೋಡೆಗೆ ಹಾರುವುದು.”

ಆ ಒಂದು ಅಕ್ಷರದ ವ್ಯತ್ಯಾಸದಲ್ಲಿ ನಮ್ಮ ಕೆಲಸವೆಲ್ಲ ತಿರುಗಿ ನಿಂತಿತು. ಕೋಳಿ ಕಾಗೆಯ ಹಾಗೆ ಒಂದು ಎತ್ತರವನ್ನು ದಾಟಿ ಹೋಗುವ ಹಕ್ಕಿಯಲ್ಲ. ಕಾಡುಕೋಳಿಯ ಕುಲ ಅದು, ಕೊಂಬೆಯಿಂದ ಕೊಂಬೆಗೆ ಏರುವುದು ಅದರ ಅಭ್ಯಾಸ. ಕಾಲಿಡಲು ಗಟ್ಟಿ ಅಂಚು ಕಂಡರೆ ಅಲ್ಲಿಗೆ ಹಾರುತ್ತದೆ, ಕಾಣದಿದ್ದರೆ ಹಾರುವ ಯೋಚನೆಯೇ ಬರುವುದಿಲ್ಲ. ನಾನು ಪೈಪು ಹಾಕಿ ಅವುಗಳಿಗೆ ಒಳ್ಳೆಯ ಕೊಂಬೆಯೊಂದನ್ನು ಮಾಡಿಕೊಟ್ಟಿದ್ದೆ.

ಹಾಗಾದರೆ ಬೇಕಾದದ್ದು ಅಂಚೇ ಇಲ್ಲದ ಬೇಲಿ, ಜೋಲುವ, ಕಾಲಿಟ್ಟರೆ ಕುಸಿಯುವ ಬೇಲಿ. ಅಂಥದ್ದು ನಮ್ಮ ಊರಿನಲ್ಲಿ ರಾಶಿ ಬಿದ್ದಿರುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ಬೋಟುಗಳು ದಡದಲ್ಲಿ, ಬಲೆಗಳು ದುರಸ್ತಿಯಲ್ಲಿ. ಹೊಲಿದು ಮುಗಿಯದಷ್ಟು ಹರಿದದ್ದು ಮೂಲೆಗೆ ಬೀಳುತ್ತದೆ. ಮೀನುಗಾರಿಕಾ ಧಕ್ಕೆಗೆ ಹೋಗಿ ಟ್ರಾಲ್ ಬೋಟಿನ ಹಳೇ ಬಲೆ ತಂದೆವು, ನಾಲ್ಕು ದಿನ ಮಳೆಗೆ ಬಿಟ್ಟು ಮೀನಿನ ವಾಸನೆ ತೆಗೆದೆವು. ಪೈಪನ್ನು ಕಿತ್ತೆವು. ಗೋಡೆಯ ಒಳಬದಿಗೆ ಬಿದಿರು ನಿಲ್ಲಿಸಿ, ಬಲೆಯ ಮೇಲಂಚು ಸಡಿಲವಾಗಿ ಒಳಕ್ಕೆ ಜೋಲುವಂತೆ ಕಟ್ಟಿದೆವು. ಒಗೆಯುವ ಕಲ್ಲನ್ನು ಗೋಡೆಯಿಂದ ದೂರ ಸರಿಸಿದೆವು, ನುಗ್ಗೆಯ ಒಂದು ಕವಲು ಸವರಿದೆವು.

ಮೊದಲು ಬಲೆಯನ್ನು ನೆಲದ ತನಕ ಇಳಿಬಿಟ್ಟದ್ದು ತಪ್ಪಾಯಿತು. ಮೂರನೆಯ ಬೆಳಗ್ಗೆ ಒಂದು ಕೇರೆ ಹಾವು ಅದರಲ್ಲಿ ಸಿಕ್ಕಿಕೊಂಡಿತ್ತು, ನೈಲಾನ್ ದಾರ ಚರ್ಮದೊಳಗೆ ಇಳಿದಿತ್ತು. ಗೋಣಿಯಿಂದ ತಲೆ ಮುಚ್ಚಿ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೋಗುವಾಗ ಅದು ಬಾವಿಕಟ್ಟೆಯ ಬದಿಯಲ್ಲಿ ತುಸು ನಿಂತು ಹೋಯಿತು. ಆ ದಿನವೇ ಬಲೆಯನ್ನು ಗೋಡೆಯ ನೆತ್ತಿಯಿಂದ ಮೇಲಕ್ಕೆ ಮಾತ್ರ ಉಳಿಸಿ ಕೆಳಗಿನದನ್ನು ಕತ್ತರಿಸಿ ತೆಗೆದೆ. ಬಲೆ ಕಟ್ಟುವವರಿಗೆಲ್ಲ ಇದನ್ನು ಹೇಳುತ್ತೇನೆ.

ಕರಿಕೋಳಿ ಬಲೆಯ ಕೆಳಗೆ ನಿಂತು ಎರಡೂ ಕಣ್ಣಲ್ಲಿ ಮೇಲೆ ನೋಡಿದ ವಿಡಿಯೋಗಳು ಹಲವು ಇವೆ. ಹಾರಿದ್ದು ಒಂದೂ ಇಲ್ಲ.

ಹಗಲು ಹೀಗೆ ಬಂದೋಬಸ್ತಾಯಿತು, ಮುಸ್ಸಂಜೆ ಉಳಿಯಿತು. ಗೂಡಿನ ಬಾಗಿಲು ಹಾಕುವುದು ನನ್ನ ಕೈಕೆಲಸ. ಒಂದು ಮದುವೆಯಿಂದ ತಡವಾಗಿ ಬಂದ ರಾತ್ರಿ ತೆರೆದ ಗೂಡಿಗೆ ಪುನುಗು ಬೆಕ್ಕು ನುಗ್ಗಿ, ಒಂದನ್ನು ಕೊಂದು, ಉಳಿದವನ್ನು ಚದುರಿಸಿತ್ತು. ಕತ್ತಲಲ್ಲಿ ಕೋಳಿಗೆ ದಾರಿ ಕಾಣುವುದಿಲ್ಲ. 1866ರಲ್ಲಿ ಜರ್ಮನಿಯ ಮ್ಯಾಕ್ಸ್ ಶುಲ್ಟ್ಸೆ ಹಗಲಿನ ಮತ್ತು ಇರುಳಿನ ಪ್ರಾಣಿಗಳ ಕಣ್ಣಿನ ಪರದೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ ನೋಡಿದ. ಬಣ್ಣಕ್ಕೂ ಹಗಲಿಗೂ ಶಂಕುಕೋಶ, ಮಬ್ಬಿಗೆ ಸರಳುಕೋಶ ಎಂಬ ವಿಂಗಡಣೆ ಬಂದದ್ದು ಅಲ್ಲಿಂದ. ಕೋಳಿಯ ಕಣ್ಣಿನಲ್ಲಿ ಶಂಕುಗಳದ್ದೇ ಮೇಲುಗೈ. ಹಾಗಾಗಿ ಹಗಲಲ್ಲಿ ಅಕ್ಕಿಯ ನುಚ್ಚನ್ನೂ ಹುಡುಕುವ ಕಣ್ಣು ಮಬ್ಬು ಬಿದ್ದೊಡನೆ ಸೋಲುತ್ತದೆ, ಕೋಳಿ ತಾನಾಗಿ ಗೂಡು ಸೇರುತ್ತದೆ. ಬಾಗಿಲು ಆ ಹೊತ್ತಿಗೆ ಸರಿಯಾಗಿ ಮುಚ್ಚಿದರೆ ಸಾಕು, ಯಾರೂ ಅಟ್ಟಬೇಕಾಗಿಲ್ಲ.

ಮುಚ್ಚುವವರು ಯಾರು? ಹುಡುಗ ಒಂದು ಗುಂಡಿಯಷ್ಟು ಅಗಲದ ಬಿಡಿಭಾಗವನ್ನು ನನ್ನ ಅಂಗೈಯಲ್ಲಿಟ್ಟ. ಮೇಲೆ ಹಾವಿನ ಹಾಗೆ ಹರಿಯುವ ಗೆರೆ, ಕೆಳಗೆ ಎರಡು ಕಡ್ಡಿಕಾಲು. ಬೆಳಕು ಬಿದ್ದರೆ ಇದರ ವಿದ್ಯುತ್ ತಡೆ ಇಳಿಯುತ್ತದೆ, ಕತ್ತಲಾದರೆ ಏರುತ್ತದೆ. ಇದರ ಮೂಲದ ಕತೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಸಮುದ್ರದಡಿಯ ತಂತಿಗಳನ್ನು ಹಾಸುವಾಗಲೇ ಪರೀಕ್ಷಿಸಲು ವಿಲ್ಲೋಬಿ ಸ್ಮಿತ್ ಎಂಬ ಇಂಗ್ಲಿಷ್ ಇಂಜಿನಿಯರ್‌ಗೆ ದೊಡ್ಡ, ಸ್ಥಿರವಾದ ತಡೆಯೊಂದು ಬೇಕಿತ್ತು. ಸೆಲೆನಿಯಂ ಕಡ್ಡಿಗಳನ್ನು ಗಾಜಿನ ಕೊಳವೆಯಲ್ಲಿಟ್ಟು ಬಳಸಿದ. ಅಳತೆ ಮಾತ್ರ ಒಂದು ಸಲ ಬಂದಂತೆ ಇನ್ನೊಂದು ಸಲ ಬರಲೊಲ್ಲದು. ಹುಡುಕುತ್ತಾ ಹೋದಾಗ ಅವನಿಗೂ ಅವನ ಸಹಾಯಕ ಜೋಸೆಫ್ ಮೇಗೂ ಕಂಡದ್ದು ಇಷ್ಟು: ಪೆಟ್ಟಿಗೆಯ ಮುಚ್ಚಳ ಹಾಕಿದರೆ ತಡೆ ಹೆಚ್ಚು, ತೆಗೆದರೆ ಕಡಿಮೆ. 1873ರ ಫೆಬ್ರವರಿಯಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಬಂತು. ಕೆಟ್ಟ ಅಳತೆಯೆಂದು ಎಸೆಯದೆ, ಯಾಕೆ ಹೀಗೆ ಎಂದು ಅವರು ಕೇಳಿದ್ದರಿಂದ ಬೀದಿದೀಪದಿಂದ ನಮ್ಮ ಗೂಡಿನ ತನಕ ಎಷ್ಟೆಲ್ಲ ಬಂತು! ಈಗಿನದು ಸೆಲೆನಿಯಂ ಅಲ್ಲ, ಕ್ಯಾಡ್ಮಿಯಂ ಸಲ್ಫೈಡ್.

ಗುಜರಿಯಿಂದ ಕಾರಿನ ವೈಪರ್ ಮೋಟರ್, ಹಳೇ ಸ್ಕೂಟರ್ ಬ್ಯಾಟರಿ, ಆರ್ಡುಯಿನೋ ಎಂಬ ಪುಟ್ಟ ನಿಯಂತ್ರಕ ಬೋರ್ಡು ಒಂದು. ಬಾಗಿಲಿಗೆ ಅಲ್ಯೂಮಿನಿಯಂ ತಗಡು, ಹಳಿಗೆ ಕಿಟಕಿಯ ಚಾನಲ್. ಬೋರ್ಡು ಬೆಳಕನ್ನು 0ಯಿಂದ 1023ರ ನಡುವಿನ ಒಂದು ಅಂಕಿಯಾಗಿ ಓದುತ್ತದೆ. ಎಷ್ಟಕ್ಕೆ ಮುಚ್ಚುವುದು? ಹುಡುಗ 200 ಎಂದು ಬರೆಯಲು ಹೊರಟ. ತಡೆ, ಕೋಳಿಗಳನ್ನೇ ಕೇಳುವ ಎಂದೆ. ಶಾಲೆಯ ಹಳೇ ಹಾಜರಿ ರಿಜಿಸ್ಟರ್ ತೆಗೆದು, ಎಂಟು ಕೋಳಿಗೆ ಎಂಟು ಸಾಲು ಎಳೆದೆ. ಹದಿನಾಲ್ಕು ಸಂಜೆ ಗೂಡಿನ ಹತ್ತಿರ ಮಣೆ ಹಾಕಿ ಕೂತು, ಯಾವ ಕೋಳಿ ಯಾವ ಅಂಕಿಗೆ ಒಳಗೆ ಹೋಯಿತೆಂದು ಬರೆದೆ. ಕೊನೆಯದು ಯಾವಾಗಲೂ ಕರಿಕೋಳಿ. ಅದು ಒಳಹೋದ ಅಂಕಿಗಳಲ್ಲಿ ಅತಿ ಚಿಕ್ಕದು 61. ಬಾಗಿಲನ್ನು 50ಕ್ಕೆ ಇಟ್ಟೆವು.

ಆ ಬೇಸಿಗೆಯೆಲ್ಲ ಚೆನ್ನಾಗಿ ನಡೆಯಿತು. ಜುಲೈಯಲ್ಲಿ ಕೆಟ್ಟಿತು. ವರ್ಷಕ್ಕೆ 3500 ಮಿಲಿಮೀಟರ್ ದಾಟುವ ನಮ್ಮ ಮಳೆ ಗೊತ್ತಲ್ಲ. ನಾಲ್ಕೂವರೆ ಗಂಟೆಗೆ ಪಡುವಣದಿಂದ ಕಪ್ಪು ಕವಿದು, ಗೂಡಿನ ಮಾಡಿನ ಕೆಳಗೆ ಬೆಳಕು ಅಳೆಯುವ ಆ ಕಣ್ಣಿಗೆ ರಾತ್ರಿಯೇ ಆಯಿತು. ಬಾಗಿಲು ಬಿತ್ತು, ಆರು ಕೋಳಿ ಹೊರಗೆ. ತೊಯ್ದು ಬಂದು ತಗಡಿಗೆ ಕೊಕ್ಕು ಕುಟ್ಟಿವೆ. ತೆರೆಯದಾಗ ಬಚ್ಚಲಿನ ಮಾಡು ಏರಿ, ಅಲ್ಲಿಂದ ಬಾಯಮ್ಮನ ಜಗಲಿಗೆ ಹೋಗಿ ಸಾಲಾಗಿ ಕೂತಿವೆ. ಓಡಿಹೋಗದಿರಲೆಂದು ಮಾಡಿದ ಬಾಗಿಲೇ ಅವನ್ನು ಓಡಿಸಿತ್ತು.

ಅಂಕಿ ಇನ್ನಷ್ಟು ಇಳಿಸೋಣ ಎಂದ ಹುಡುಗ ಫೋನಿನಲ್ಲಿ. ನನಗೆ 2019ರ ಡಿಸೆಂಬರ್ 26 ನೆನಪಾಯಿತು, ಮಂಗಳೂರಿಗೆ ಕಂಕಣ ಗ್ರಹಣ ಕಂಡ ಬೆಳಗ್ಗೆ. ಒಂಬತ್ತೂವರೆಯ ಮೊದಲು ಸೂರ್ಯ ಬರೇ ಉಂಗುರವಾಗಿ ಉಳಿದಾಗ ಮಕ್ಕಳೊಡನೆ ಶಾಲೆಯ ಅಂಗಳದಲ್ಲಿದ್ದೆ. ಬೆಳಕು ವಿಚಿತ್ರವಾಗಿ ಸೋತಿತ್ತು. ಎದುರು ಮನೆಯ ಕೋಳಿಗಳು ಗೂಡು ಸೇರುತ್ತವೆಂದು ಮಕ್ಕಳು ಪಂಥ ಕಟ್ಟಿದ್ದರು. ಅವು ತಲೆ ಎತ್ತಿ ನಿಂತವೇ ಹೊರತು ಗೂಡಿನತ್ತ ಹೆಜ್ಜೆ ಇಡಲಿಲ್ಲ. ಕೋಳಿಗೆ ಬೆಳಕಿನ ಲೆಕ್ಕ ಒಂದೇ ಅಲ್ಲ, ಹೊತ್ತಿನ ಲೆಕ್ಕವೂ ಉಂಟು. ಅದರ ಮೆದುಳಿನ ಪೀನಿಯಲ್ ಗ್ರಂಥಿ ತಲೆಬುರುಡೆಯ ಮೂಲಕ ಸೋಸಿ ಬರುವ ಬೆಳಕನ್ನೂ ಗ್ರಹಿಸುತ್ತದೆ, ಹಗಲಿರುಳಿನ ತಾಳವನ್ನು ತಾನಾಗಿಯೂ ಹಾಕುತ್ತದೆ. ನಮ್ಮ ಬಾಗಿಲಿಗೆ ಕಣ್ಣು ಮಾತ್ರ ಕೊಟ್ಟಿದ್ದೆವು.

ಹಾಗಾಗಿ ಗಡಿಯಾರದ ಚಿಪ್ ಒಂದನ್ನು ಸೇರಿಸಿದೆವು. ಮಂಗಳೂರಿನಲ್ಲಿ ಸೂರ್ಯ ಮುಳುಗುವುದು ನವೆಂಬರಿನಲ್ಲಿ ಆರರ ಆಸುಪಾಸು, ಜುಲೈ ಮೊದಲಿಗೆ ಏಳು ದಾಟಿ. ಆ ಪಟ್ಟಿ ಬೋರ್ಡಿನಲ್ಲಿದೆ. ಮುಳುಗುವ ಮೊದಲು ಎಷ್ಟೇ ಕಪ್ಪು ಕವಿಯಲಿ, ಬಾಗಿಲು ಅಲುಗುವುದಿಲ್ಲ. ಮುಳುಗಿದ ಮೇಲೆ ಅಂಕಿ 50ಕ್ಕಿಂತ ಕೆಳಗೆ ಹತ್ತು ನಿಮಿಷ ನಿಲ್ಲಬೇಕು. ಮುಚ್ಚಿದ ಐದು ನಿಮಿಷದ ಬಳಿಕ ಒಂದು ಸಲ ಪುನಃ ತೆರೆದು ಹಿಂದುಳಿದವರಿಗಾಗಿ ಎರಡು ನಿಮಿಷ ಕಾಯುತ್ತದೆ. ಈ ಕೊನೆಯದು ಬಾಯಮ್ಮ ಹೇಳಿದ್ದು: “ಒಂದು ಸಲ ಕರೆದು ನೋಡ್ಲಿ ಟೀಚರೇ, ಬಾಗಿಲು ಹಾಕುವ ಮೊದಲು ನಾವು ಮಕ್ಕಳನ್ನು ಕರೆಯುವುದಿಲ್ವಾ?”

ರಿಜಿಸ್ಟರ್ ಈಗಲೂ ಬರೆಯುತ್ತೇನೆ. ನಿನ್ನೆ ಏಳು ಕೋಳಿ 6 ಗಂಟೆ 12 ನಿಮಿಷದೊಳಗೆ ಬಂದಿದ್ದವು. ಬಾಗಿಲು ಮುಚ್ಚಿ, ತೆರೆಯಿತು. ನುಗ್ಗೆಮರದ ಬುಡದಿಂದ ಕರಿಕೋಳಿ ನಿಧಾನವಾಗಿ ನಡೆದು ಬಂದು, ಹೊಸ್ತಿಲಲ್ಲಿ ತಲೆ ಓರೆ ಮಾಡಿ ಒಮ್ಮೆ ಬಾಗಿಲನ್ನು ಮೇಲೆ ನೋಡಿ, ಒಳಗೆ ಹೋಯಿತು. 6 ಗಂಟೆ 31 ನಿಮಿಷ.