ಮೆತ್ತಗಿರುವುದೇ ಬುಷ್ಷಿನ ಕೆಲಸ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಕಾರುಗಳಿಗೆ ಎರಡು ಬಗೆಯ ದಾರಿ. ಒಂದು ಡಾಂಬರು ಹೆದ್ದಾರಿ: ತುಮಕೂರಿನಿಂದ ತಿಪಟೂರಿನ ಮೇಲೆ ಅರಸೀಕೆರೆಗೆ ಹೋಗುವುದು, ಮತ್ತೆ ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿ, ಕೆ.ಬಿ. ಕ್ರಾಸ್, ತುರುವೇಕೆರೆ, ಮಾಯಸಂದ್ರ ಹಾಯ್ದು ಮೈಸೂರಿನತ್ತ ಇಳಿಯುವುದು. ಇನ್ನೊಂದು ಹೆದ್ದಾರಿ ಬಿಟ್ಟು ತೋಟಕ್ಕೆ ತಿರುಗುವ ಗರಸು ದಾರಿ, ಕೆರೆ ಏರಿ, ಹೇಮಾವತಿ ನಾಲೆಯ ಪಕ್ಕದ ಮಣ್ಣುರಸ್ತೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಂದ ಕಾರೇ ಸ್ವಲ್ಪ ಹೊತ್ತಿನಲ್ಲಿ ಟ್ರ್ಯಾಕ್ಟರ್ ಜಾಡಿನ ಗುಂಡಿಗೆ ಚಕ್ರ ಇಳಿಸುತ್ತದೆ. ಕೆಲವು ವರ್ಷ ಹೀಗೆ ಓಡಿದ ಮೇಲೆ ಉಬ್ಬು ಹತ್ತಿ ಇಳಿಯುವಾಗ ಮುಂದಿನ ಚಕ್ರದ ಕಡೆಯಿಂದ ಲೊಡಲೊಡ ಸದ್ದು ಬರುತ್ತದೆ, ಬ್ರೇಕ್ ಒತ್ತಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ಗ್ಯಾರೇಜಿನವರು ‘ಬುಷ್ ಹೋಗಿದೆ’ ಎನ್ನುತ್ತಾರೆ. ಈಗೀಗ ಅದರ ಬೆನ್ನಿಗೇ ಇನ್ನೊಂದು ಸಲಹೆಯೂ ಬರುತ್ತದೆ: ರಬ್ಬರ್ ಯಾಕೆ, ಪಾಲಿಯುರಿಥೇನ್ ಹಾಕಿಬಿಡಿ, ಕಾರು ಇರುವ ತನಕ ಇರುತ್ತದೆ, ಮನೆಯಲ್ಲೇ ಹಾಕಿಕೊಳ್ಳಬಹುದು. ಕೆಂಪು, ನೀಲಿ, ಹಳದಿ ಬಣ್ಣದ ಆ ಗಟ್ಟಿ ಬುಷ್‌ಗಳು ಆನ್‌ಲೈನಿನಲ್ಲಿ ತರಿಸಿದರೆ ಮನೆಬಾಗಿಲಿಗೇ ಬರುತ್ತವೆ. ಈ ಸಲಹೆಯಲ್ಲಿ ಅರ್ಧ ನಿಜವಿದೆ. ಕಾರಿನ ಕೆಲವೇ ಕೀಲುಗಳಿಗೆ ಪಾಲಿಯುರಿಥೇನ್ ಹೇಳಿ ಮಾಡಿಸಿದ್ದು. ಉಳಿದವುಗಳಿಗೆ ಅದನ್ನು ತುರುಕಿದರೆ ರಸ್ತೆಯ ಏಟು ಬುಷ್ಷನ್ನು ದಾಟಿ ಕಾರಿನ ಒಡಲಿಗೂ ಕೂತವರ ಬೆನ್ನಿಗೂ ಹೋಗುತ್ತದೆ. ಅನುಕೂಲವೆಂದರೆ, ಪಾಲಿಯುರಿಥೇನ್ ಒಪ್ಪುವ ಕೀಲುಗಳೇ ಬಹುಮಟ್ಟಿಗೆ ಮನೆಯಂಗಳದಲ್ಲಿ ಬದಲಾಯಿಸಬಹುದಾದ ಕೀಲುಗಳು ಕೂಡ.

ಚಕ್ರವನ್ನು ಹಿಡಿದ ಕಬ್ಬಿಣದ ತೋಳು ಕಾರಿನ ಚೌಕಟ್ಟಿಗೆ ಸೇರುವ ಕಡೆಯಲ್ಲಿ ಕೂರುವುದು ಬುಷ್. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಕೊಳವೆ, ಎರಡರ ನಡುವೆ ಕಾಯಿಸಿ ಅಂಟಿಸಿದ ರಬ್ಬರು. ಒಳಕೊಳವೆಯನ್ನು ಬೋಲ್ಟು ಚೌಕಟ್ಟಿಗೆ ಬಿಗಿಯುತ್ತದೆ, ಹೊರಕೊಳವೆ ತೋಳಿನ ಕಣ್ಣಿನೊಳಗೆ ಒತ್ತಿ ಕೂತಿರುತ್ತದೆ. ತೋಳು ಮೇಲೆ ಕೆಳಗೆ ಆಡಿದಾಗ ಇಲ್ಲಿ ಯಾವುದೂ ಯಾವುದರ ಮೇಲೂ ಜಾರುವುದಿಲ್ಲ. ರಬ್ಬರೇ ತಿರುಚಿಕೊಳ್ಳುತ್ತದೆ, ತೋಳು ಮರಳಿದಾಗ ತಾನೂ ಮರಳುತ್ತದೆ. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಬೇಕಿತ್ತು. ಅಂಬಾಸಿಡರ್ ಕಾರಿನ ಮುಂಭಾಗದ ಕೀಲುಗಳಿಗೂ ಆಗಾಗ ಗ್ರೀಸ್ ಗನ್ನಿನಿಂದ ಗ್ರೀಸ್ ತುಂಬಬೇಕಿತ್ತು. ಲೋಹಕ್ಕೆ ಅಂಟಿಸಿದ ರಬ್ಬರ್ ಬುಷ್ ಆ ಚಾಕರಿಯನ್ನೇ ಇಲ್ಲವಾಗಿಸಿತು. ಎಣ್ಣೆ ಬೇಡ, ಸದ್ದಿಲ್ಲ, ಧೂಳು ನುಗ್ಗಲು ಸಂದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಅದು ತಿರುಗುವುದರ ಜೊತೆಗೆ ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ಬಾಗುತ್ತದೆ. ಚಕ್ರ ಗುಂಡಿಯ ಅಂಚಿಗೆ ಬಡಿದ ಕ್ಷಣದಲ್ಲಿ ಕೆಲವು ಮಿಲಿಮೀಟರ್ ಹಿಂದೆ ಸರಿಯಲು ಬಿಟ್ಟು ಏಟನ್ನು ನುಂಗುತ್ತದೆ. ಹಾಗೆ ಬಾಗಲೆಂದೇ ಚಕ್ರದ ಕೆಳತೋಳಿನ, ಎಂದರೆ ಲೋಯರ್ ಆರ್ಮಿನ, ಅನೇಕ ಬುಷ್‌ಗಳ ರಬ್ಬರಿನಲ್ಲಿ ಅರೆಚಂದ್ರಾಕಾರದ ಟೊಳ್ಳು ಬಿಟ್ಟಿರುತ್ತಾರೆ. ಅದನ್ನು ನೋಡಿ ರಬ್ಬರು ಹರಿದಿದೆ ಎಂದುಕೊಳ್ಳುವವರಿದ್ದಾರೆ. ಅದು ಕಾರ್ಖಾನೆಯೇ ಲೆಕ್ಕ ಹಾಕಿ ಬಿಟ್ಟ ಜಾಗ.

ಈ ಸೀಮೆಯಲ್ಲಿ ಬುಷ್ ಬೇಗ ಸವೆಯುವುದಕ್ಕೆ ರಸ್ತೆಯೊಂದನ್ನೇ ದೂರಿದರೆ ಸಾಲದು. ಮನೆಯ ಕಾರು ಹಲವೆಡೆ ತೋಟದ ಬಂಡಿಯೂ ಹೌದು. ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕಿಲೋ ಎಂದು ಹಿಡಿದರೂ 500 ಕಾಯಿ 250 ಕಿಲೋ. ನಾಲ್ಕು ಜನ ಕೂತಷ್ಟು ಭಾರ ಹಿಂದಿನ ಸೀಟಿನ ಮೇಲೂ ಡಿಕ್ಕಿಯಲ್ಲೂ ಬೀಳುತ್ತದೆ. ಎಂಜಿನ್ನಿನಿಂದ ಸೋರುವ ಆಯಿಲ್ ರಬ್ಬರಿಗೆ ವಿಷ. ತಗುಲಿದ ಕಡೆ ಅದು ಊದಿಕೊಂಡು ಮೆದುವಾಗಿ ಕಳಚುತ್ತದೆ. ಬಿಸಿಲು ಮತ್ತು ಗಾಳಿಯ ಓಝೋನ್ ಹೊರಮೈಯಲ್ಲಿ ಬಿರುಕು ಮೂಡಿಸುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಬುಷ್‌ಗಳನ್ನು ಕೆಡಿಸುವ ಕಾರಣ ಬಹುಶಃ ಜೋಡಣೆಯ ತಪ್ಪು. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ಜೋತು ಬಿದ್ದಿರುವಾಗಲೇ ಆರ್ಮಿನ ಬೋಲ್ಟನ್ನು ಪೂರ್ತಿ ಬಿಗಿದುಬಿಟ್ಟರೆ ರಬ್ಬರು ಆ ಜೋತ ಭಂಗಿಗೇ ಅಂಟಿಕೊಳ್ಳುತ್ತದೆ. ಕಾರು ನೆಲಕ್ಕಿಳಿದ ಕೂಡಲೇ ಅದು ತಿರುಚಿಕೊಂಡು, ನಿಂತಾಗಲೂ ಓಡುವಾಗಲೂ ಬಿಡುಗಡೆಯಿಲ್ಲದೆ ಎಳೆದಾಡಿಸಿಕೊಳ್ಳುತ್ತದೆ. ಹೊಸ ಬುಷ್ ಒಂದೇ ವರ್ಷದಲ್ಲಿ ಹರಿಯಿತು, ರಬ್ಬರೇ ಸರಿಯಿಲ್ಲ ಎನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಚಕ್ರದ ಮೇಲೆ ಕಾರಿನ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು.

ಇನ್ನು ಪಾಲಿಯುರಿಥೇನ್. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಇದನ್ನು ಕಂಡುಹಿಡಿದರು. ಎರಡು ರಾಸಾಯನಿಕ ದ್ರವಗಳನ್ನು ಬೆರೆಸಿ ಅಚ್ಚಿಗೆ ಹೊಯ್ದರೆ ಗಟ್ಟಿಯಾಗುವ ಈ ವಸ್ತು ಸೋಫಾದ ಸ್ಪಂಜಿನಿಂದ ಹಿಡಿದು ಫ್ಯಾಕ್ಟರಿಯ ಟ್ರಾಲಿಚಕ್ರದವರೆಗೆ ಎಲ್ಲೆಡೆ ಇದೆ. ಬುಷ್ ಮಾಡಲು ಬಳಸುವ ಬಗೆಗೆ ಎಣ್ಣೆ, ಡೀಸೆಲ್, ಓಝೋನ್ ಹೆಚ್ಚೇನೂ ಮಾಡಲಾರವು, ಸವೆತಕ್ಕೂ ಅದು ಸುಲಭವಾಗಿ ಬಗ್ಗದು. ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಮಾಪಕದಲ್ಲಿ ಸಾಮಾನ್ಯ ರಬ್ಬರ್ ಬುಷ್ 50ರಿಂದ 70ರ ನಡುವೆ ಬಂದರೆ ಪಾಲಿಯುರಿಥೇನ್ ಬುಷ್‌ಗಳು ಹೆಚ್ಚಾಗಿ 80ರಿಂದ 95. ಆದರೆ ಗಡಸುತನಕ್ಕಿಂತ ದೊಡ್ಡ ವ್ಯತ್ಯಾಸ ಅದು ಕೆಲಸ ಮಾಡುವ ರೀತಿಯಲ್ಲಿದೆ. ಮಾರಾಟಕ್ಕೆ ಸಿಗುವ ಪಾಲಿಯುರಿಥೇನ್ ಬುಷ್ ಸಾಮಾನ್ಯವಾಗಿ ಕೊಳವೆಗೆ ಅಂಟಿರುವುದಿಲ್ಲ. ಎರಡು ಅರ್ಧಗಳಾಗಿ ಬರುತ್ತದೆ, ನಡುವಿನ ಉಕ್ಕಿನ ಕೊಳವೆಯ ಸುತ್ತ ಜಾರಿ ತಿರುಗುತ್ತದೆ. ಕೈಯಲ್ಲೇ ಒತ್ತಿ ಕೂರಿಸಬಹುದಾದದ್ದು ಈ ಕಾರಣಕ್ಕೆ, ಮನೆಯಲ್ಲೇ ಹಾಕಬಹುದು ಎನ್ನುವ ಮಾತು ಹುಟ್ಟಿದ್ದೂ ಹೀಗೆ. ಜಾರುವ ಕೀಲಿಗೆ ಗ್ರೀಸ್ ಬೇಕು. ಗ್ರೀಸ್ ಒಣಗಿದರೆ ಕಿರಗುಟ್ಟುತ್ತದೆ. ಗರಸಿನ ನುಣ್ಣನೆಯ ಧೂಳು ಒಳಸೇರಿದರೆ ಅದೇ ಉಜ್ಜುಕಾಗದವಾಗಿ ಕೊಳವೆಯನ್ನು ತಿನ್ನುತ್ತದೆ. ರಬ್ಬರ್ ಬುಷ್ ತಪ್ಪಿಸಿದ್ದ ಚಾಕರಿಯನ್ನು ನಾವು ಮತ್ತೆ ಕೈಯಾರೆ ಮನೆಗೆ ಕರೆದಂತಾಯಿತು.

ಹಾಗಾದರೆ ಯಾವ ಕೀಲಿಗೆ ಯಾವುದು? ನೋಡಬೇಕಾದದ್ದು ಆ ಕೀಲು ಎಷ್ಟು ದಿಕ್ಕಿಗೆ ಆಡುತ್ತದೆ ಎಂಬುದನ್ನು. ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲದಂತೆ ತಡೆಯುವ ಸ್ಟೆಬಿಲೈಸರ್ ಬಾರ್ ಚೌಕಟ್ಟಿಗೆ ಎರಡು ಕ್ಲಾಂಪುಗಳಲ್ಲಿ ಕೂತು, ಬಹುತೇಕ ಕಾರುಗಳಲ್ಲಿ ತನ್ನ ಅಚ್ಚಿನ ಸುತ್ತ ಮಾತ್ರ ತಿರುಗುತ್ತದೆ. ಅಲ್ಲಿ ಮೆದುತನದಿಂದ ಹೆಚ್ಚು ಲಾಭವಿಲ್ಲ. ಗಟ್ಟಿ ಬುಷ್ ಹಾಕಿದರೆ ಬಾರ್ ಬೇಗ ಕೆಲಸಕ್ಕೆ ಬರುತ್ತದೆ, ಕಾರಿನ ವಾಲಾಟ ತುಸು ತಗ್ಗುತ್ತದೆ. ಬೊಲೆರೋ, ಟಾಟಾ ಏಸ್, ಓಮ್ನಿಯಂಥ ಬಂಡಿಗಳ ಹಿಂದಿನ ಲೀಫ್ ಸ್ಪ್ರಿಂಗಿನ ಕಣ್ಣುಗಳಲ್ಲಿರುವ ಬುಷ್ ಕೂಡ ಬಹುಪಾಲು ಒಂದೇ ಅಚ್ಚಿನ ಸುತ್ತ ತಿರುಗುವಂಥದ್ದು. ಕಾಯಿಯ ಭಾರ ಹೊರುವುದೂ ಕೆಸರಿನಲ್ಲಿ ಅದ್ದುವುದೂ ಅದೇ. ಈ ಎರಡು ಕಡೆ ಪಾಲಿಯುರಿಥೇನ್ ಧಾರಾಳವಾಗಿ ಹಾಕಬಹುದು. ಲೋಯರ್ ಆರ್ಮಿನ ಹಿಂದಿನ ಬುಷ್ ಹಾಗಲ್ಲ. ಅದು ತಿರುಗಬೇಕು, ಹಿಂದಕ್ಕೆ ಬಾಗಬೇಕು, ಓರೆಗೂ ತುಸು ವಾಲಬೇಕು. ಟೊಳ್ಳಿಲ್ಲದ ಗಟ್ಟಿ ಪಾಲಿಯುರಿಥೇನ್ ಅಲ್ಲಿಗೆ ಬಂದರೆ ಗುಂಡಿಯ ಏಟು ಆರ್ಮಿನ ಬ್ರಾಕೆಟ್ಟಿಗೆ, ಅದರ ವೆಲ್ಡಿಂಗಿಗೆ, ಸ್ಟೇರಿಂಗ್ ಹಿಡಿದ ಕೈಗೆ ನೇರವಾಗಿ ಸಾಗುತ್ತದೆ. ಸ್ವಿಫ್ಟ್‌ನಂಥ ಕಾರುಗಳ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಟಾರ್ಷನ್ ಬೀಮನ್ನು ಚೌಕಟ್ಟಿಗೆ ಹಿಡಿಯುವ ದೊಡ್ಡ ಬುಷ್‌ಗಳದ್ದೂ ಇದೇ ಕಥೆ: ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಬೀಮ್ ಓರೆಯಾಗುತ್ತದೆ, ಗಟ್ಟಿ ಬುಷ್ ಆ ಓರೆಗೆ ಎದುರು ನಿಲ್ಲುತ್ತದೆ. ನುಣುಪು ಡಾಂಬರಿನ ಮೇಲೆ ಇದು ಗೊತ್ತೇ ಆಗದಿರಬಹುದು. ಒಂದು ಚಕ್ರ ಜಾಡಿನಲ್ಲಿ, ಇನ್ನೊಂದು ದಿಣ್ಣೆಯ ಮೇಲೆ ಇಟ್ಟುಕೊಂಡೇ ಸಾಗುವ ತೋಟದ ದಾರಿಯಲ್ಲಿ ಖಂಡಿತ ಗೊತ್ತಾಗುತ್ತದೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ರ್‍ಯಾಲಿ ಕಾರುಗಳದ್ದು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿ ನಮ್ಮ ತುಮಕೂರು ಜಿಲ್ಲೆಯ ಮಣ್ಣಿನಲ್ಲೇ ನಡೆದದ್ದುಂಟು. ಮಣ್ಣುದಾರಿಯಲ್ಲಿ ಹಾರುವ ರ್‍ಯಾಲಿ ಕಾರುಗಳಿಗೆ ಗಟ್ಟಿ ಬುಷ್ ಆಗುತ್ತದಾದರೆ ನಮ್ಮ ಕಾರಿಗೆ ಯಾಕಾಗಬಾರದು ಎಂಬ ಪ್ರಶ್ನೆ ಸಹಜ. ರ್‍ಯಾಲಿ ಕಾರಿನ ಚೌಕಟ್ಟಿಗೆ ಹೆಚ್ಚುವರಿ ವೆಲ್ಡಿಂಗೂ ಕೊಳವೆಗಳ ಪಂಜರವೂ ಇರುತ್ತವೆ. ಓಟ ಮುಗಿದೊಡನೆ ಅದರ ಅಡಿಭಾಗವನ್ನು ಬಿಚ್ಚಿ ನೋಡುವ ತಂಡವಿರುತ್ತದೆ. ಅಲ್ಲಿ ಬೇಕಾದದ್ದು ಚಕ್ರ ಚೂರೂ ಕದಲದ ನಿಖರತೆ, ಕೂತವರ ಸುಖ ಲೆಕ್ಕಕ್ಕಿಲ್ಲ. ತಿಪಟೂರಿನಿಂದ ಬೆಂಗಳೂರಿನ ಆಸ್ಪತ್ರೆಗೆ ಸುಮಾರು 140 ಕಿ.ಮೀ. ದೂರ ವಯಸ್ಸಾದ ತಾಯಿಯನ್ನು ಕೂರಿಸಿಕೊಂಡು ಹೋಗುವ ಕಾರಿನ ಲೆಕ್ಕವೇ ಬೇರೆ, ಆ ಲೆಕ್ಕವನ್ನು ಮೊದಲು ಇಡಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇನ್ನೊಂದು ಆಕ್ಷೇಪ ಬಾಳಿಕೆಯದು. ಒಳ್ಳೆಯ ಪಾಲಿಯುರಿಥೇನ್ ರಬ್ಬರಿಗಿಂತ ಹೆಚ್ಚು ಬಾಳುತ್ತದೆ, ನಿಜ. ಆದರೆ ಪಾಲಿಯುರಿಥೇನ್‌ಗಳಲ್ಲೂ ಜಾತಿಗಳಿವೆ. ಪಾಲಿಯೆಸ್ಟರ್ ಮೂಲದ್ದು ಬಿಸಿ ಮತ್ತು ತೇವ ಸೇರಿದರೆ ವರ್ಷಗಳಲ್ಲಿ ಪುಡಿಯಾಗುತ್ತದೆ, ಪಾಲಿಈಥರ್ ಮೂಲದ್ದು ನೀರಿಗೆ ಗಟ್ಟಿ. ಯಾವುದೆಂದು ಹೇಳದೆ ಬಣ್ಣ ತೋರಿಸಿ ಮಾರುವವರನ್ನು ನಂಬಬಾರದು. ಬುಷ್ ಉಳಿದು ಬ್ರಾಕೆಟ್ ಬಿರುಕು ಬಿಟ್ಟರೆ ಆ ಬಾಳಿಕೆಯಿಂದ ಬಂದ ಲಾಭವೇನು? ಕೆಲವು ನೂರು ರೂಪಾಯಿಯ ರಬ್ಬರು ಮೊದಲು ಸವೆದು, ದುಬಾರಿ ಚೌಕಟ್ಟನ್ನು ಉಳಿಸುವಂತೆಯೇ ಆ ಕೀಲನ್ನು ಯೋಚಿಸಿ ಮಾಡಿದ್ದಾರೆ.

ಮನೆಯಲ್ಲಿ ಕೈ ಹಾಕುವ ಮೊದಲು ಸದ್ದು ಬುಷ್ಷಿನದೇ ಎಂದು ಖಚಿತವಾಗಬೇಕು. ಇದೇ ಸದ್ದನ್ನು ಸ್ಟೆಬಿಲೈಸರ್ ಬಾರಿನ ತುದಿಗೆ ಸೇರುವ ಲಿಂಕ್ ರಾಡ್ ಮಾಡುತ್ತದೆ, ಬಾಲ್ ಜಾಯಿಂಟ್ ಮಾಡುತ್ತದೆ, ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟಿಂಗೂ ಮಾಡುತ್ತದೆ. ಸಣ್ಣ ಉಬ್ಬುಗಳಲ್ಲಿ ಟಕಟಕ ಎಂದರೆ ಮೊದಲು ಲಿಂಕ್ ರಾಡನ್ನು ಅನುಮಾನಿಸುವುದು ಒಳ್ಳೆಯದು. ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ ತಿಳಿಯುತ್ತದೆ. ಆರ್ಮ್ ಬುಷ್ ಆದರೆ ಸನ್ನೆಕೋಲು ಕೊಟ್ಟು ಮೀಟಿದಾಗ ರಬ್ಬರು ಕೊಳವೆಯಿಂದ ಬಿಟ್ಟಿರುವುದು ಕಾಣುತ್ತದೆ. ಸ್ಟೆಬಿಲೈಸರ್ ಬುಷ್ಷೇ ಎಂದು ಗೊತ್ತಾದರೆ ಕೆಲಸ ಸರಳ. ಗಟ್ಟಿ ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಎರಡೂ ಚಕ್ರಗಳನ್ನು ಸಮನಾಗಿ ಎತ್ತಬೇಕು. ಒಂದನ್ನೇ ಎತ್ತಿದರೆ ಬಾರ್ ತಿರುಚಿಕೊಂಡು ಕ್ಲಾಂಪ್ ಬಿಚ್ಚಿದಾಗ ಚಿಮ್ಮುತ್ತದೆ. ಕಾರಿನ ಭಾರ ಜಾಕ್ ಸ್ಟ್ಯಾಂಡ್ ಮೇಲೆಯೇ ಕೂರಬೇಕು. ಅಂಗಳದಲ್ಲಿ ಕೈಗೆ ಸಿಗುವ ಸಿಮೆಂಟ್ ಇಟ್ಟಿಗೆ, ಹಾಲೋ ಬ್ಲಾಕ್, ತೆಂಗಿನ ಮರದ ದಿಮ್ಮಿ ಯಾವುದನ್ನೂ ನಂಬಿ ಕೆಳಗೆ ಮಲಗಬಾರದು; ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ, ದಿಮ್ಮಿ ಉರುಳುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸವೇ ಬೇಡ. ಕ್ಲಾಂಪಿನ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದರೆ ಮುರಿಯುವ ಭಯ ಕಡಿಮೆ. ಹಳೆ ಬುಷ್ ಒಂದು ಕಡೆ ಸೀಳಿರುತ್ತದೆ, ಬಿಡಿಸಿ ತೆಗೆದರೆ ಬರುತ್ತದೆ. ಬಾರಿನ ತುಕ್ಕು ಉಜ್ಜಿ ತೆಗೆದು ಅದರ ದಪ್ಪವನ್ನು ವರ್ನಿಯರಿನಲ್ಲಿ ಅಳೆಯಬೇಕು. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಹೊಸ ಬುಷ್ ಒಂದೋ ಹಿಡಿಯುತ್ತದೆ, ಇಲ್ಲ ಸದ್ದು ಮಾಡುತ್ತದೆ. ಹಳೆಯ ಮಾರುತಿ 800ರಲ್ಲಿ ಇದೇ ಬಾರ್ ಲೋಯರ್ ಆರ್ಮನ್ನು ಹಿಂದೆಮುಂದೆ ಸರಿಯದಂತೆ ಹಿಡಿಯುವ ಕೆಲಸವನ್ನೂ ಮಾಡುವುದರಿಂದ ಅಲ್ಲಿ ಆರ್ಮಿನ ತುದಿಯ ನಟ್ಟು ಬಿಚ್ಚುವ ಗೋಜಿಗೆ ಹೋಗದೆ ಚೌಕಟ್ಟಿನ ಕಡೆಯ ಬುಷ್ ಮಾತ್ರ ಬದಲಿಸಿದರೆ ಕ್ಷೇಮ.

ಗ್ರೀಸಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಬಿಗಿಯಾದ ಬುಷ್ ಜಾರಲಿ ಎಂದು ಮನೆಯಲ್ಲಿರುವ ಕೊಬ್ಬರಿ ಎಣ್ಣೆ ಸವರುವ ಆಸೆ ಬರುತ್ತದೆ. ರಬ್ಬರ್ ಬುಷ್ಷಿಗೆ ಅದೂ ಹಾನಿ. ಸಸ್ಯದೆಣ್ಣೆಯಲ್ಲೂ ನೈಸರ್ಗಿಕ ರಬ್ಬರು ಊದಿ ಸತ್ವ ಕಳೆದುಕೊಳ್ಳುತ್ತದೆ. ರಬ್ಬರಿಗೆ ಸೋಪಿನ ನೀರು ಸಾಕು, ಅದು ಆರಿಹೋಗುತ್ತದೆ. ಪಾಲಿಯುರಿಥೇನಿಗೆ ಪೊಟ್ಟಣದೊಂದಿಗೆ ಬಂದ ಗ್ರೀಸ್ ಅಥವಾ ಸಿಲಿಕೋನ್ ಗ್ರೀಸನ್ನು ಒಳಮೈಗೆ ಧಾರಾಳವಾಗಿ ಬಳಿಯಬೇಕು, ಕಿರಗುಟ್ಟುವಿಕೆ ಶುರುವಾದಾಗ ಮತ್ತೆ ಬಳಿಯಬೇಕು.

ಮನೆಯಲ್ಲಿ ಮಾಡಿದರೆ ಮೆಕ್ಯಾನಿಕ್‌ಗಳ ಅನ್ನಕ್ಕೆ ಕಲ್ಲು ಹಾಕಿದಂತಲ್ಲವೇ, ಅಪಾಯವಲ್ಲವೇ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಲೋಯರ್ ಆರ್ಮಿನ ಬುಷ್ಷನ್ನು ಹೊರತೆಗೆಯಲು ಹೈಡ್ರಾಲಿಕ್ ಪ್ರೆಸ್ ಬೇಕು. ಸುತ್ತಿಗೆಯಿಂದ ಬಡಿದರೆ ಆರ್ಮಿನ ಕಣ್ಣು ಕೋಳಿಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆಮೇಲೆ ಯಾವ ಬುಷ್ಷೂ ನಿಲ್ಲದು. ಲೀಫ್ ಸ್ಪ್ರಿಂಗಿನ ಕಣ್ಣಿನ ಕೆಲಸಕ್ಕೆ ಚೌಕಟ್ಟಿಗೂ ಆಕ್ಸಲಿಗೂ ಬೇರೆ ಬೇರೆ ಆಸರೆ ಕೊಟ್ಟು, ಪಟ್ಟಿಗಳ ಎಳೆತ ಸಡಿಲಾದ ಮೇಲಷ್ಟೇ ಬೋಲ್ಟು ತೆಗೆಯಬೇಕು. ಅನುಭವಿ ಕೈ ಜೊತೆಗಿಲ್ಲದೆ ಅದಕ್ಕಿಳಿಯುವುದು ಬೇಡ. ಶಾಕ್ ಅಬ್ಸಾರ್ಬರಿನ ಕಾಯಿಲ್ ಸ್ಪ್ರಿಂಗ್ ಬಿಚ್ಚುವುದಂತೂ ಮನೆಯ ಕೆಲಸವೇ ಅಲ್ಲ. ಹೀಗೆ ಪ್ರೆಸ್ ಇರುವವರಿಗೆ, ಅನುಭವಿಗಳಿಗೆ ಹೋಗಬೇಕಾದ ಕೆಲಸ ಬೇಕಾದಷ್ಟು ಉಳಿಯುತ್ತದೆ. ಅಲ್ಲಿ ಗಿರಾಕಿ ಎರಡು ವಿಷಯ ಕೇಳಿದರೆ ಸಾಕು: ಹಾಕುವುದು ಕಂಪನಿಯ ಅಸಲಿ ರಬ್ಬರೇ, ಕೊನೆಯ ಬಿಗಿತ ಕಾರು ನೆಲದ ಮೇಲಿದ್ದಾಗಲೇ? ವಾರಂಟಿ ಇನ್ನೂ ಇರುವ ಕಾರಿನಲ್ಲಿ ಬೇರೆ ಬಗೆಯ ಬುಷ್ ಹಾಕುವ ಮೊದಲು ಅದರ ಷರತ್ತು ಓದಿಕೊಳ್ಳಬೇಕು.

ಸ್ಟೆಬಿಲೈಸರ್ ಬುಷ್ ಬದಲಿಸಿದರೆ ಸಾಮಾನ್ಯವಾಗಿ ವೀಲ್ ಅಲೈನ್‌ಮೆಂಟ್ ಬೇಕಿಲ್ಲ. ಆರ್ಮ್ ಬಿಚ್ಚಿದ್ದರೆ ಮಾಡಿಸಲೇಬೇಕು, ಇಲ್ಲವಾದರೆ ಟೈರಿನ ಒಂದಂಚು ಕೆಲವೇ ಸಾವಿರ ಕಿ.ಮೀ.ಯಲ್ಲಿ ಬೋಳಾಗುತ್ತದೆ. ನೂರಿನ್ನೂರು ಕಿ.ಮೀ. ಓಡಿದ ಮೇಲೆ ಬೋಲ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಬೇಕು. ತೆಗೆದ ಹಳೆ ಬುಷ್‌ಗಳನ್ನು ಹಂಡೆಯ ಒಲೆಗೆ ಗರಿ ಮಟ್ಟೆಯ ಜೊತೆ ಹಾಕುವುದು ಬೇಡ. ಸುಟ್ಟ ರಬ್ಬರಿನ ಹೊಗೆ ಕೆಟ್ಟದ್ದು, ಸುಟ್ಟ ಪಾಲಿಯುರಿಥೇನಿನ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಆರ್ಮಿನಿಂದ ಹಳೆ ರಬ್ಬರು ಬಿಡಿಸಲು ಬೆಂಕಿ ಹಚ್ಚುವ ಅಭ್ಯಾಸವನ್ನು ಕೈಬಿಡಬೇಕಾದದ್ದೂ ಇದೇ ಕಾರಣಕ್ಕೆ. ಉಕ್ಕಿನ ಕೊಳವೆಯ ಸಮೇತ ಅವನ್ನು ಗುಜರಿಗೆ ಕೊಟ್ಟರಾಯಿತು.