ಮೆಮೊರಿ ಹೆಚ್ಚಾದರೆ ‘ಸಾಲದು’ ಎನ್ನುವ ವಿಂಡೋಸ್ 98

ನಮ್ಮ ಗೊರಗುಂಟೆಪಾಳ್ಯದ ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶವಿದೆ. ಅಲ್ಲಿನ ಸಣ್ಣ ವರ್ಕ್‌ಶಾಪ್‌ಗಳ ಹಳೆಯ ಲೆಕ್ಕಗಳು ಈಗಲೂ ಡಾಸ್ ಅಥವಾ ವಿಂಡೋಸ್ 98 ಇರುವ ಕಂಪ್ಯೂಟರ್‌ಗಳಲ್ಲಿ ಮಲಗಿರುವುದುಂಟು. ನಾವು ಕಾಮರ್ಸ್‌ನವರು ಕಲಿಯುವ ಟ್ಯಾಲಿ ಕೂಡ ಬೆಂಗಳೂರಿನ ಕಂಪನಿಯದು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಆ ಕಂಪನಿಯ ಮೊದಲ ಆವೃತ್ತಿಗಳು ಡಾಸ್‌ನಲ್ಲೇ ಓಡುತ್ತಿದ್ದವು. ಆ ಕಾಲದ ಪ್ರೋಗ್ರಾಂಗಳನ್ನು ಇಂದಿನ ಲ್ಯಾಪ್‌ಟಾಪ್‌ನಲ್ಲಿ ತೆರೆಯಲು ‘ವರ್ಚುವಲ್ ಮಷೀನ್’ ಒಂದು ದಾರಿ. ಅಂದರೆ ಕಂಪ್ಯೂಟರ್ ಒಳಗೆ, ಸಾಫ್ಟ್‌ವೇರ್‌ನಿಂದಲೇ ಮಾಡಿದ ಇನ್ನೊಂದು ಕಂಪ್ಯೂಟರ್. ಇದಕ್ಕೆ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ.

ನಮ್ಮ ಮನೆಗೆ ಇದು ಬೇಕಾದದ್ದು ದಾದಾ ತೀರಿಕೊಂಡ ಮೇಲೆ. ಅವರ ಲೇತ್ ಶಾಪಿನ 1999ರಿಂದ 2006ರವರೆಗಿನ ಲೆಕ್ಕ ಒಂದು ಡಾಸ್ ಪ್ರೋಗ್ರಾಂನಲ್ಲಿತ್ತು. ಆಸ್ತಿ ಹಂಚುವ ಮೊದಲು ಸಾಲ ತೀರಬೇಕು ಎಂಬುದು ನಮ್ಮೆಲ್ಲರಿಗೂ ಗೊತ್ತಿರುವ ನಿಯಮ. ಜಿಎಸ್‌ಟಿ ಕಾನೂನು ಲೆಕ್ಕ ಪುಸ್ತಕಗಳನ್ನು ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಲು ಹೇಳುತ್ತದೆ. ಆದರೆ ಬಾಕಿ ಕೊಡಬೇಕಾದವರ ಹೆಸರು 72 ತಿಂಗಳಿಗೆ ಅಳಿಸಿಹೋಗುವುದಿಲ್ಲವಲ್ಲ! ಹಳೆಯ ಹಾರ್ಡ್ ಡಿಸ್ಕನ್ನು ರಿಪೇರಿ ಅಂಗಡಿಯವರೊಬ್ಬರು ಒಂದು ಫೈಲ್ ಆಗಿ ನಕಲು ಮಾಡಿ, 1 ಜಿಬಿ ಮೆಮೊರಿಯ ವರ್ಚುವಲ್ ಮಷೀನ್ ಮಾಡಿಕೊಟ್ಟರು. ವಿಂಡೋಸ್ 98 ತೆರೆಯಿತು. ಲೆಕ್ಕದ ಪ್ರೋಗ್ರಾಂ ಒತ್ತಿದರೆ ಮಾತ್ರ ‘ನಾಟ್ ಎನಫ್ ಮೆಮೊರಿ’ ಎಂಬ ಸಂದೇಶ. ಅಬ್ಬಾ, “ಇನ್ನೂ ಸ್ವಲ್ಪ ಮೆಮೊರಿ ಕೊಡು ಬೇಟಾ” ಎಂದರು. ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಆದರೆ ಇಲ್ಲಿ ಮದ್ದು ಅದರ ಉಲ್ಟಾ.

ಕಾರಣ ತಿಳಿಯಲು ಒಂದು ಗೋದಾಮನ್ನು ಊಹಿಸಿಕೊಳ್ಳಿ. ಮೆಮೊರಿ ಎಂದರೆ ಸರಕು ಇಡುವ ಜಾಗ, ವಿಳಾಸ ಎಂದರೆ ರ್‍ಯಾಕ್ ನಂಬರ್. ವಿಂಡೋಸ್ 98ರ ಹತ್ತಿರ ಒಟ್ಟು 4 ಜಿಬಿಯಷ್ಟು ನಂಬರ್‌ಗಳಿವೆ. ಅದರಲ್ಲಿ ಕೊನೆಯ 1 ಜಿಬಿ ಸಿಸ್ಟಮ್‌ನ ಸ್ವಂತ ಕೆಲಸಕ್ಕೆ ಮೀಸಲು. ಆ ಭಾಗದಲ್ಲಿ ‘ವಿಕ್ಯಾಶ್’ ಎಂಬ ಗುಮಾಸ್ತನಿದ್ದಾನೆ. ಡಿಸ್ಕ್‌ನಿಂದ ಓದಿದ್ದನ್ನು ಮತ್ತೆ ಬೇಗ ಸಿಗುವಂತೆ ಮೆಮೊರಿಯಲ್ಲಿ ಇಟ್ಟುಕೊಳ್ಳುವುದು ಅವನ ಕೆಲಸ. ವಿಂಡೋಸ್ ಶುರುವಾಗುವಾಗ ಎಷ್ಟು ಮೆಮೊರಿ ಇದೆ ಎಂದು ನೋಡಿ, ಅದಕ್ಕೆ ತಕ್ಕಂತೆ ರ್‍ಯಾಕ್ ನಂಬರ್‌ಗಳನ್ನು ಮೊದಲೇ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಮೆಮೊರಿ 512 ಎಂಬಿ ದಾಟಿದರೆ ಹೆಚ್ಚಿನ ನಂಬರ್‌ಗಳೆಲ್ಲ ಅವನ ಪಾಲಾಗಬಹುದು. ಆಮೇಲೆ ಡಾಸ್ ಕಿಟಕಿ ತೆರೆಯಲು ಹೋದರೆ ಜಾಗ ಖಾಲಿ ಇದೆ, ನಂಬರ್ ಇಲ್ಲ. ಅದನ್ನೇ ವಿಂಡೋಸ್ ‘ಮೆಮೊರಿ ಸಾಲದು’ ಎಂದು ಹೇಳುತ್ತದೆ.

ಆದ್ದರಿಂದ ಮೊದಲು ಡಿಸ್ಕ್ ಫೈಲನ್ನು ನಕಲು ಮಾಡಿ, ಮೂಲವನ್ನು ಮುಟ್ಟದೆ ಇಡಿ. ಮಷೀನ್ ಶಟ್‌ಡೌನ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ, ಬೇಸ್ ಮೆಮೊರಿಯನ್ನು 256 ಎಂಬಿಗೆ ಇಳಿಸಿ. 1998ರಲ್ಲಿ ಈ ವಿಂಡೋಸ್ ಬಂದಾಗ ಕನಿಷ್ಠ 16 ಎಂಬಿ ಸಾಕು ಎಂದಿದ್ದರು. ಅದಕ್ಕೆ 256 ಎಂಬಿ ಎಂದರೆ 16 ಪಟ್ಟು, ಅರಮನೆಯೇ ಸರಿ. ಹೆಚ್ಚು ಮೆಮೊರಿ ಬೇಕೇ ಬೇಕು ಎನ್ನುವವರು ಸಿಸ್ಟಮ್.ಐಎನ್‌ಐ ಫೈಲಿನ ‘ವಿಕ್ಯಾಶ್’ ಭಾಗದಲ್ಲಿ ‘ಮ್ಯಾಕ್ಸ್‌ಫೈಲ್‌ಕ್ಯಾಶ್=131072’ ಎಂಬ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಸೇರಿಸಬಹುದು. ಈ ಸಂಖ್ಯೆ ಕೆಬಿಯಲ್ಲಿದೆ. 1024ರಿಂದ ಭಾಗಿಸಿದರೆ 128 ಎಂಬಿ. ಗುಮಾಸ್ತ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.

ಹೀಗೆ ಇಳಿಸಿದ ಮೇಲೆ ನಮ್ಮ ಪ್ರೋಗ್ರಾಂ ತೆರೆಯಿತು. ಆದರೆ ವರ್ಷದ ಪಟ್ಟಿ ಕೇಳಿದಾಗ ಮತ್ತೆ ಮೆಮೊರಿಯ ದೂರು. ಇದು ಬೇರೆ ಕಾಯಿಲೆ, 1981ರ ಐಬಿಎಂ ಪಿಸಿ ಕಾಲದ್ದು. ಅದರ ಪ್ರೊಸೆಸರ್‌ಗೆ ವಿಳಾಸದ ತಂತಿಗಳು 20 ಮಾತ್ರ, ಆದ್ದರಿಂದ ಒಟ್ಟು 1 ಎಂಬಿ. ಅದರಲ್ಲಿ 384 ಕೆಬಿ ಪರದೆ ಮತ್ತು ಬಯಾಸ್‌ಗೆ ಹೋಗಿ, ಪ್ರೋಗ್ರಾಂಗಳಿಗೆ ಉಳಿಯುವುದು 640 ಕೆಬಿ. ಎಷ್ಟು ಜಿಬಿ ಕೊಟ್ಟರೂ ಈ 640 ಬೆಳೆಯುವುದಿಲ್ಲ. ಡಾಸ್ ಕಿಟಕಿಯಲ್ಲಿ ‘ಮೆಮ್ /ಸಿ’ ಎಂದು ಕೊಟ್ಟರೆ ಯಾರು ಎಷ್ಟು ತಿಂದಿದ್ದಾರೆ ಎಂಬ ಪಟ್ಟಿ ಬರುತ್ತದೆ. ‘ಲಾರ್ಜೆಸ್ಟ್ ಎಕ್ಸಿಕ್ಯೂಟಬಲ್ ಪ್ರೋಗ್ರಾಂ ಸೈಜ್’ ಎಂಬ ಸಾಲನ್ನು ನೋಡಿ. ನಮ್ಮಲ್ಲಿ ಅದು 520 ಕೆಬಿ ಇತ್ತು. ಹಳೆಯ ಮೌಸ್ ಮತ್ತು ಸಿಡಿ ಡ್ರೈವರ್‌ಗಳು ಉಳಿದದ್ದನ್ನು ಹಿಡಿದಿದ್ದವು. ವಿಂಡೋಸ್ 98ಕ್ಕೆ ತನ್ನದೇ ಡ್ರೈವರ್‌ಗಳಿರುವುದರಿಂದ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್ ಫೈಲ್‌ಗಳಲ್ಲಿ ಆ ಸಾಲುಗಳ ಮುಂದೆ ‘ರೆಮ್’ ಸೇರಿಸಿದೆ. ಹೈಮೆಮ್.ಸಿಸ್ ಸಾಲಿನ ಕೆಳಗೆ ‘ಡಾಸ್=ಹೈ’ ಎಂದು ಬರೆದೆ. ಇದರಿಂದ ಡಾಸ್‌ನ ದೊಡ್ಡ ಭಾಗ 640ರ ಹೊರಗೆ ಹೋಗುತ್ತದೆ. ರೀಸ್ಟಾರ್ಟ್ ಮಾಡಿದಾಗ 601 ಕೆಬಿ ಆಗಿತ್ತು, ಪಟ್ಟಿ ಪೂರ್ತಿ ಬಂತು.

ಸಂಡ್ರಿ ಕ್ರೆಡಿಟರ್ಸ್‌ನಲ್ಲಿ ಮೂರು ಬಾಕಿಗಳಿದ್ದವು: ಒಂದು ಕಬ್ಬಿಣದ ಅಂಗಡಿ, ಕೂಲಿ ಉಳಿದಿದ್ದ ಒಬ್ಬ ಟರ್ನರ್, 1,840 ರೂಪಾಯಿಯ ಚಹಾ ಅಂಗಡಿ. ಕಬ್ಬಿಣದ ಅಂಗಡಿಗೂ ಚಹಾ ಅಂಗಡಿಯವರಿಗೂ ಅಬ್ಬಾ ಹಣ ಮುಟ್ಟಿಸಿದ್ದಾರೆ. ಟರ್ನರ್ ಮನೆಯವರನ್ನು ಚಾಚಾ ಇನ್ನೂ ಹುಡುಕುತ್ತಿದ್ದಾರೆ.

ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಇಂಥ ಕಂಪ್ಯೂಟರ್ ಇದ್ದರೆ ಗುಜರಿಗೆ ಹಾಕುವ ಮೊದಲು ಡಿಸ್ಕನ್ನು ನಕಲು ಮಾಡಿಸಿ. ವಿಂಡೋಸ್ 98ಕ್ಕೆ ಭದ್ರತಾ ಅಪ್‌ಡೇಟ್‌ಗಳು 2006ರಲ್ಲೇ ನಿಂತಿವೆ, ಆದ್ದರಿಂದ ವರ್ಚುವಲ್ ಮಷೀನ್‌ಗೆ ಇಂಟರ್ನೆಟ್ ಕೊಡಬೇಡಿ. ಲೆಡ್ಜರ್ ತೆರೆದ ದಿನವೇ ಅದನ್ನು ಸಾದಾ ಟೆಕ್ಸ್ಟ್ ಫೈಲ್ ಆಗಿ ಉಳಿಸಿ, ಒಂದು ಪ್ರಿಂಟ್ ಕೂಡ ತೆಗೆದಿಡಿ. ಕಾಗದ ಓದಲು ಯಾವ ವಿಂಡೋಸ್ ಕೂಡ ಬೇಡ.