ಬಾಗಿಲೊಳಗಿನ ಎರಡು ಬಿಂದಿಗೆ

ಆಷಾಢ ಬಂತೆಂದರೆ ಕುವೆಂಪುನಗರದ ನಮ್ಮ ಮನೆಯ ಮುಂಬಾಗಿಲು ಬಿಗಿಯುತ್ತದೆ. ಭುಜ ಕೊಟ್ಟು ನೂಕಬೇಕು. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಅದೇ ಬಾಗಿಲ ಸಂದಿಯಲ್ಲಿ ಹೊರಗಿನ ಬೆಳಕು ಗೆರೆಯಾಗಿ ಕಾಣುತ್ತದೆ. ಮಳೆಗಾಲ ಅಲ್ವಾ, ಮರ ಉಬ್ಬುತ್ತೆ ಎಂದು ಮೈಸೂರಿನ ಎಷ್ಟೋ ಮನೆಗಳಲ್ಲಿ ಮಾತು ಅಲ್ಲಿಗೇ ಮುಗಿಯುತ್ತದೆ. ಒಂದು ಭಾನುವಾರ ಕಾಗದ ಹಿಡಿದು ಎಷ್ಟು ಉಬ್ಬುತ್ತದೆ ಎಂದು ಲೆಕ್ಕ ಹಾಕತೊಡಗಿದೆ. ಸಂಜೆಯಾದರೂ ಏಳಲಾಗಲಿಲ್ಲ.

ಬಾಗಿಲು ತೇಗದ್ದು. ಏಳಡಿ ಎತ್ತರ, ಮೂರಡಿ ಅಗಲ, ಒಂದೂಕಾಲು ಇಂಚು ದಪ್ಪ, ಸುಮಾರು 2.2 ಘನ ಅಡಿ ಮರ. ನೀರನ್ನೆಲ್ಲ ಕಳೆದರೆ ಒಂದು ಘನ ಅಡಿ ತೇಗ ಹೆಚ್ಚುಕಡಿಮೆ 16 ಕೆ.ಜಿ. ತೂಗುತ್ತದೆ. ಕಡಿದ ಹೊಸತರಲ್ಲಿ ಅದರ ಶೇ 80ರಷ್ಟು ತೂಕದ ನೀರಿತ್ತು ಎಂದು ಹಿಡಿದರೂ 13 ಲೀಟರ್ ಆಯಿತು. ಕೆಲವು ಮರಗಳಲ್ಲಿ ನೀರಿನ ತೂಕ ಮರದ ತೂಕವನ್ನೇ ಮೀರುತ್ತದೆ. ಕೆಲಸಕ್ಕೆ ಬರಬೇಕಾದರೆ ಮರದ ನೀರು ಶೇ 12ರ ಆಸುಪಾಸಿಗೆ ಇಳಿಯಬೇಕು. ಅಂದರೆ ಪ್ರತಿ ಘನ ಅಡಿಯಿಂದ 11 ಲೀಟರ್, ಒಂದು ಬಿಂದಿಗೆ ನೀರು ಹೊರಗೆ ಹೋಗಬೇಕು. ನಮ್ಮ ಒಂದು ಬಾಗಿಲಿನಿಂದಲೇ ಎರಡು ಬಿಂದಿಗೆ ಹೋಗಿದೆ. 100 ಘನ ಅಡಿ ಮರ ಹಿಡಿಯುವ ಮನೆಯಾದರೆ ತಾರಸಿಯ ಮೇಲಿನ ಸಾವಿರ ಲೀಟರಿನ ಟ್ಯಾಂಕು ತುಂಬಿ ಹರಿಯುವಷ್ಟು ನೀರು, ಒಂದು ಹನಿಯೂ ನೆಲಕ್ಕೆ ಬೀಳದೆ, ಸದ್ದಿಲ್ಲದೆ ಗಾಳಿಗೆ ಸೇರಿರುತ್ತದೆ.

ಇಷ್ಟು ನೀರು ಎಲ್ಲಿ ಕೂತಿರುತ್ತದೆ? ಮೊದಲು ಹೋಗುವುದು ಮರದ ಕೋಶಗಳ ಪೊಳ್ಳಿನಲ್ಲಿರುವ ನೀರು. ಅದು ಹೋದರೆ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ಶೇ 28ರ ಹತ್ತಿರಕ್ಕೆ ಬಂದ ಮೇಲೆ ಕೋಶದ ಗೋಡೆಯೊಳಗಿನ ನೀರು ಹೊರಡುತ್ತದೆ. ಆಗ ಶುರು ಕುಗ್ಗುವುದು, ಬಾಗುವುದು, ಸೀಳುವುದು. ಆ ಗೋಡೆಗಳ ಒಳಗೆ ನೀರು ಅಂಟಿಕೊಳ್ಳಲು ಸಿಗುವ ಜಾಗ ಗ್ರಾಮಿಗೆ ಸುಮಾರು 200 ಚದರ ಮೀಟರ್. ನಮ್ಮ 30×40 ನಿವೇಶನ 111 ಚದರ ಮೀಟರ್. ಹತ್ತರಿ ಹೊಡೆದಾಗ ಸುರುಳಿ ಸುತ್ತಿ ಬೀಳುವ ಸಿಪ್ಪೆಯನ್ನು ಒಂದು ಗ್ರಾಂ ಅಂಗೈಯಲ್ಲಿ ಹಿಡಿದರೆ ಹತ್ತಿರಹತ್ತಿರ ಎರಡು ಸೈಟು ಹಿಡಿದಂತೆ. ನಮ್ಮ ಬಾಗಿಲಿನ ಒಣಮರ 35 ಕೆ.ಜಿ. ಅದರ ಒಳಮೈ ಬಿಡಿಸಿ ಹಾಸಿದರೆ 7 ಚದರ ಕಿಲೋಮೀಟರ್, 1,700 ಎಕರೆ ದಾಟುತ್ತದೆ. ಮೈಸೂರು ಮೃಗಾಲಯ ಸುಮಾರು 157 ಎಕರೆ. ಹನ್ನೊಂದು ಮೃಗಾಲಯಗಳು ಎರಡು ಕೀಲುಗಳ ಮೇಲೆ ತೂಗುತ್ತಿವೆ.

ಅಷ್ಟು ಮೈಯಿರುವ ವಸ್ತು ಗಾಳಿಯ ತೇವ ಕಂಡು ಸುಮ್ಮನಿರುವುದುಂಟೆ? ಮರದ ನೀರಿನಂಶ ಬೇಸಿಗೆಯ ಶೇ 9ರಿಂದ ಮಳೆಗಾಲದ ಶೇ 14ಕ್ಕೆ ಏರಿತೆಂದರೆ ನಮ್ಮ ಬಾಗಿಲು ಒಂದೂಮುಕ್ಕಾಲು ಲೀಟರ್ ನೀರು ಕುಡಿದಿದೆ ಎಂದರ್ಥ. ತೇಗ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ಉಂಗುರಗಳ ಗುಂಟ ಶೇ 5.8ರಷ್ಟು ಕುಗ್ಗುತ್ತದೆ, ಉದ್ದಕ್ಕೆ ಶೇ 0.2ರೊಳಗೆ. ಹಲಗೆಗೆ ಹಲಗೆ ಅಂಟಿಸಿ ಮಾಡಿದ ನಮ್ಮ ಬಾಗಿಲು ಅಗಲಕ್ಕೆ 9 ಮಿಲಿಮೀಟರ್‌ವರೆಗೂ ಬೆಳೆಯಬಹುದು, ಎತ್ತರಕ್ಕೆ ಒಂದು ಮಿಲಿಮೀಟರಿಗೂ ಕಡಿಮೆ. ಅದಕ್ಕೇ ಚಿಲಕದ ಕಡೆ ಹಿಡಿಯುತ್ತದೆ, ಮೇಲ್ಗಡೆ ಅಲ್ಲ. ಹಳೆಯ ಬಡಗಿಗಳು ಚೌಕಟ್ಟು ಕಟ್ಟಿ, ನಡುವಿನ ಪ್ಯಾನಲನ್ನು ಚೌಕಟ್ಟಿನಲ್ಲಿ ಕೊರೆದ ಗಾಡಿಯಲ್ಲಿ ಅಂಟಿಲ್ಲದೆ ಸಡಿಲವಾಗಿ ಕೂರಿಸುತ್ತಿದ್ದುದು ಈ ಒಂಬತ್ತು ಮಿಲಿಮೀಟರಿಗಾಗಿ. ಹಾಗೆ ಮಾಡಿಸದೆ ಹೋದದ್ದು ನನ್ನ ತಪ್ಪು.

ಮರ ಕೊಟ್ಟವರು ಚೆನ್ನಾಗಿ ಒಣಗಿದೆ ಸಾರ್ ಎಂದಿದ್ದರು. ಕೈಯಿಂದ ತಟ್ಟಿ ಸದ್ದು ಕೇಳಿ ತೃಪ್ತಿಪಟ್ಟಿದ್ದೆ. ಮುಂದಿನ ಸಲ, ಕಿಟಕಿಗೆ ಮರ ತಂದಾಗ, ಹಲಗೆಯ ತುದಿಯಿಂದ ಒಂದೂವರೆ ಅಡಿ ಒಳಗೆ ಒಂದು ಬಿಲ್ಲೆ ಕೊಯ್ಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆ: 62 ಗ್ರಾಂ. ಕೇಕು ಬೇಯಿಸುವ ಓವನ್ನಿನಲ್ಲಿ 103 ಡಿಗ್ರಿ ಶಾಖದಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಕಾದೆ: 50 ಗ್ರಾಂ. ಹೋದ 12ನ್ನು ಉಳಿದ 50ರಿಂದ ಭಾಗಿಸಿದರೆ ಶೇ 24. ಒಣಗಿದ ಮರವೆಂದು ಕೊಂಡದ್ದು ಕುಗ್ಗಲು ಆಗಷ್ಟೇ ಹೊರಟಿತ್ತು. ಆ ಹಲಗೆಗಳನ್ನು ನೆರಳಿನಲ್ಲಿ, ಎರಡಡಿಗೊಂದು ಪಟ್ಟಿ ಕೊಟ್ಟು, ಗಾಳಿಯಾಡುವಂತೆ ಪೇರಿಸಿಟ್ಟೆವು. ತುದಿಗಳಿಗೆ ಮೇಣ ಬಳಿದೆವು, ಯಾಕೆಂದರೆ ಮೈಗಿಂತ ತುದಿಯಿಂದ ಹತ್ತು ಪಟ್ಟಿಗೂ ಹೆಚ್ಚು ಬೇಗ ನೀರು ಹೋಗುತ್ತದೆ, ಸೀಳು ಬರುವುದೂ ಅಲ್ಲಿಂದಲೇ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಅಂದಾಜು. ದಪ್ಪ ಎರಡಾದರೆ ಕಾಲ ಎರಡು ಪಟ್ಟನ್ನೂ ಮೀರುತ್ತದೆ.

ಅಂಟಿನ ಲೆಕ್ಕ ಇನ್ನೂ ವಿಚಿತ್ರ. ಒಳ್ಳೆಯ ಬೆಸುಗೆಯಲ್ಲಿ ಎರಡು ಹಲಗೆಗಳ ನಡುವೆ ಉಳಿಯುವ ಅಂಟಿನ ದಪ್ಪ 0.1 ಮಿಲಿಮೀಟರ್, ಜೆರಾಕ್ಸ್ ಹಾಳೆಯಷ್ಟು. ದಪ್ಪಗೆ ಬಳಿದರೆ ಗಟ್ಟಿ ಎನ್ನುವುದು ಸುಳ್ಳು. ಅಷ್ಟು ತೆಳುವಾಗಲು ಗಟ್ಟಿಮರಕ್ಕೆ ಚದರ ಸೆಂಟಿಮೀಟರಿಗೆ 12 ಕೆ.ಜಿ.ಯಷ್ಟು ಒತ್ತಡ ಬೇಕು. ಮೂರಡಿ ಉದ್ದ, ಒಂದಿಂಚು ದಪ್ಪದ ಎರಡು ಹಲಗೆಗಳ ಅಂಚು ಕೂಡಿಸಲು ಒಟ್ಟು ಸುಮಾರು 2,800 ಕೆ.ಜಿ. ಜಂಬೂಸವಾರಿಯಲ್ಲಿ ಆನೆ ಹೊರುವ ಅಂಬಾರಿಯ ತೂಕ 750 ಕೆ.ಜಿ. ಹೆಚ್ಚುಕಡಿಮೆ ಮೂರೂಮುಕ್ಕಾಲು ಅಂಬಾರಿ ಭಾರ ಒಂದು ಬೆರಳಗಲದ ಅಂಚಿನ ಮೇಲೆ! ಒಂದೆರಡು ಕ್ಲಾಂಪು ಹಾಕಿ ಸಾಕೆನ್ನುವವರು ಇದನ್ನು ನೆನೆಯಬೇಕು; ಅರ್ಧ ಅಡಿಗೊಂದಾದರೂ ಬೇಕು. ತೇಗ, ಬೀಟೆಗಳಲ್ಲಿ ಎಣ್ಣೆಯಂಶವಿರುವುದರಿಂದ ಹತ್ತರಿ ಹೊಡೆದ ದಿನವೇ, ಥಿನ್ನರಿನಿಂದ ಒರೆಸಿ ಅಂಟಿಸಬೇಕು. ಹೀಗೆ ಕೂಡಿಸಿದ್ದನ್ನು ಮುರಿದು ನೋಡಿ, ಸಾಮಾನ್ಯವಾಗಿ ಮರ ಸೀಳುತ್ತದೆ, ಅಂಟು ಬಿಡುವುದಿಲ್ಲ.

ಕೊನೆಯದು ಪಾಲಿಶ್. ಚಪಡ ಎಂದು ಅಂಗಡಿಯಲ್ಲಿ ಕೊಡುವ ಕಂದು ಹಳುಕು ಅರಗೇ, ಮರದ ಕೊಂಬೆಗೆ ಕಚ್ಚಿಕೊಂಡು ರಸ ಹೀರುವ ಹುಳ ತನ್ನ ಸುತ್ತ ಕಟ್ಟಿಕೊಂಡ ಗೂಡು. ಹುಟ್ಟಿದಾಗ ಆ ಹುಳ ಅರ್ಧ ಮಿಲಿಮೀಟರಿನಷ್ಟು. ಒಂದು ಕೆ.ಜಿ. ಅರಗಿಗೆ ಸುಮಾರು 3 ಲಕ್ಷ ಹುಳ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಸಂಸ್ಕೃತದ ಲಾಕ್ಷಾ ಎಂಬ ಹೆಸರಿನಲ್ಲೇ ಲಕ್ಷ ಕೇಳಿಸುತ್ತದೆ. ನಮ್ಮೂರಿಗೆ ಇದು ದೂರದ ವಸ್ತುವಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಇಲ್ಲಿ ಶುರುವಾದದ್ದು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್; 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆ ಶಾಯಿ ಹಚ್ಚುತ್ತಿರುವ ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ. ನಮ್ಮ ಬಾಗಿಲಿನ ಎರಡೂ ಮೈ ಸೇರಿ 42 ಚದರ ಅಡಿ. ಅರಗು ಕರಗಿಸಿದ ಸ್ಪಿರಿಟ್ ಆರಿಹೋದ ಮೇಲೆ 0.05 ಮಿಲಿಮೀಟರ್, ಕೂದಲೆಳೆಗಿಂತ ತೆಳುವಾದ ಪದರ ಉಳಿದರೂ ಅರಗು 215 ಗ್ರಾಂ. ಅಂದರೆ 65,000 ಹುಳಗಳ ಬಾಳುವೆ. ಅಷ್ಟಾದರೂ ಅದು ನೀರನ್ನು ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಬಾಗಿಲಿನ ಮೇಲಂಚು ಕೆಳಂಚುಗಳನ್ನು ಪಾಲಿಶ್ ಮಾಡದೆ ಬಿಟ್ಟರೆ ಆ ನಿಧಾನವೂ ಇಲ್ಲ.

ಇದೆಲ್ಲ ಗೊತ್ತಾದ ಮೇಲೆ ಮಂಡಿ ಮೊಹಲ್ಲಾದ ಇನ್‌ಲೇ ಕೆಲಸ ನೋಡುವ ನನ್ನ ಕಣ್ಣೇ ಬೇರೆಯಾಯಿತು. ಬೀಟೆಯಲ್ಲಿ ಗುಳಿ ತೋಡಿ, ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಆನೆ, ಹೂಬಳ್ಳಿ ಬಿಡಿಸುತ್ತಾರೆ. ಬೀಟೆಯೂ ತೇಗದಷ್ಟೇ ಕುಗ್ಗಿ ಹಿಗ್ಗುವ ಮರ. ಆದರೆ ಅಲ್ಲಿನ ಎಲೆಯೊಂದರ ಅಗಲ 5 ಮಿಲಿಮೀಟರ್. ಇಡೀ ಮಳೆಗಾಲ ಕಳೆದರೂ ಅದರಡಿಯ ಬೀಟೆ ಕದಲುವುದು 0.05 ಮಿಲಿಮೀಟರ್. ಅದೇ ಎಲೆ ಅಡಿ ಅಗಲ ಇದ್ದಿದ್ದರೆ ಮೂರು ಮಿಲಿಮೀಟರ್ ಕದಲಿ ಕಿತ್ತುಬರುತ್ತಿತ್ತು. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲಿನ ದಂತದ ಕುಸುರಿ, ಅರಮನೆ ಮುಗಿದ 1912ರಿಂದ ನೂರು ಮಳೆಗಾಲ ದಾಟಿ, ಕೂರಿಸಿದ ಜಾಗದಲ್ಲೇ ಇದೆ.